ಅವರೆಕಾಳೋ ನೆಲ್ಲಿಕಾಯೋ: ಕುತ್ತಿಗೆಯ ಗಂಟಿನ ಅಳತೆ

ಹೋದ ಡಿಸೆಂಬರಲ್ಲಿ ಶೇವ್ ಮಾಡುವಾಗ ಬಲ ದವಡೆಯ ಕೆಳಗೆ ಒಂದು ಗಂಟು ಕೈಗೆ ಸಿಕ್ಕಿತು. ಅವರೆಕಾಳಿನ ಕಾಲ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಅದು "ಅವರೆಕಾಳಷ್ಟು". ಬಸವನಗುಡಿಯ ಚಿಕ್ಕಮ್ಮ ಮಾತ್ರ ಮುಟ್ಟಿ ನೋಡಿ, "ಇಲ್ಲ ಕಣೋ, ನೆಲ್ಲಿಕಾಯಷ್ಟಿದೆ" ಅಂದರು. ಮೊದಲು ಹೋದ ಕ್ಲಿನಿಕ್ಕಿನ ಚೀಟಿಯಲ್ಲಿ ಇದ್ದದ್ದು ಎರಡೇ ಪದ: ಕುತ್ತಿಗೆ ಊತ. ಎಡವೋ ಬಲವೋ, ಮೆತ್ತಗೋ ಗಟ್ಟಿಯೋ, ಏನೂ ಇಲ್ಲ. ಮೂರು ವಾರ ಬಿಟ್ಟು ಬೇರೆ ಡಾಕ್ಟರ್ "ದೊಡ್ಡದಾಗಿದೆಯಾ?" ಅಂತ ಕೇಳಿದರೆ ಏನು ಹೇಳಲಿ? ನಾಣ್ಯದ ಲೆಕ್ಕವೂ ಕೈಕೊಡುತ್ತೆ ಬಿಡಿ. 1992ರ ಒಂದು ರೂಪಾಯಿ 25 ಮಿ.ಮೀ. ಅಗಲ, 2011ರದ್ದು ಸುಮಾರು 22.

ಈ ಡಾಕ್ಟರ್ ನನ್ನ ಬೆನ್ನ ಹಿಂದೆ ನಿಂತು ಎರಡೂ ಕೈ ಬೆರಳ ತುದಿಯಿಂದ ದವಡೆಯಿಂದ ಕೊರಳ ಮೂಳೆಯವರೆಗೆ ನಿಧಾನವಾಗಿ ತಡವಿದರು. ಆಮೇಲೆ ಒಂದು ಲೋಟ ನೀರು ಕೊಟ್ಟು "ನುಂಗಿ" ಅಂದರು. ಥೈರಾಯ್ಡ್ ಶ್ವಾಸನಾಳಕ್ಕೆ ಅಂಟಿಕೊಂಡಿರುತ್ತೆ, ಅದಕ್ಕೇ ಅದರ ಗಂಟು ಗುಟುಕಿನ ಜೊತೆ ಮೇಲೇರುತ್ತೆ. ನಾಲಿಗೆ ಹೊರಚಾಚಿದಾಗ ನಡುಗುತ್ತಿಗೆಯ ಗಂಟು ಮೇಲೆ ಹೋದರೆ ಕಥೆ ಬೇರೆ: ನಾವು ಹೊಟ್ಟೆಯಲ್ಲಿದ್ದಾಗ ಥೈರಾಯ್ಡ್ ನಾಲಿಗೆಯ ಬುಡದಿಂದ ಕೆಳಗಿಳಿದ ದಾರಿ ಪೂರ್ತಿ ಮುಚ್ಚದೆ ಅಲ್ಲಿ ನೀರುಗಂಟು ಆಗಿರಬಹುದು. ನನ್ನದು ಎರಡಕ್ಕೂ ಮೇಲೇರಲಿಲ್ಲ.

ಆಮೇಲೆ ಟಾರ್ಚ್ ಹಿಡಿದು ಬಾಯಿ, ಟಾನ್ಸಿಲ್, ಕೊನೆಗೆ ತಲೆಯ ಚರ್ಮವನ್ನೂ ನೋಡಿದರು. ಕುತ್ತಿಗೆಯಲ್ಲಿ ದುಗ್ಧಗ್ರಂಥಿಗಳು (ಸೋಂಕನ್ನು ತಡೆಯುವ ಪುಟ್ಟ ಗ್ರಂಥಿಗಳು, ಲಿಂಫ್ ನೋಡ್) ನೂರಾರು, ಅಕ್ಕಪಕ್ಕ ಎಲ್ಲಿ ಸೋಂಕಾದರೂ ಮೊದಲು ಊದಿಕೊಳ್ಳುವುದು ಅವೇ. ಕಳ್ಳ ಸಿಕ್ಕಿದ: ಹುಳುಕು ದವಡೆ ಹಲ್ಲು.

ಅವರು ಚೀಟಿಯ ಮೇಲೆ ಕುತ್ತಿಗೆಯ ಚಿತ್ರ ಬರೆದು ಚುಕ್ಕೆ ಇಟ್ಟರು. ಪಕ್ಕದಲ್ಲಿ ತಾರೀಖು, "ಬಲ ದವಡೆಯ ಕೆಳಗೆ, ಒಂದೇ, 1.5 × 1 ಸೆಂ.ಮೀ., ಮೆತ್ತಗೆ, ಒತ್ತಿದರೆ ನೋವು, ಬೆರಳಿಗೆ ಜಾರುತ್ತೆ, ಚರ್ಮ ಸರಿಯಾಗಿದೆ". ಇಷ್ಟಿದ್ದರೆ ಇನ್ನೊಬ್ಬ ಡಾಕ್ಟರ್ ಅಲ್ಲಿಂದಲೇ ಮುಂದುವರಿಸಬಹುದು.

ಜನ ತಿರುವುಮುರುವು ಮಾಡಿಕೊಳ್ಳುವ ಒಂದು ವಿಷಯ ಇದೆ. ನೋವಿಲ್ಲ ಅಂತ ಸುಮ್ನೆ ಬಿಡ್ತಾರೆ, ಅಲ್ವಾ? ನೋವಿಲ್ಲದ, ಕಲ್ಲಿನಂತೆ ಗಟ್ಟಿಯಾದ, ಅಲ್ಲಾಡದ ಗಂಟೇ ಜಾಸ್ತಿ ಕ್ಯಾನ್ಸರ್ ಅನುಮಾನದ್ದು, ಅದರಲ್ಲೂ ನಲವತ್ತು ದಾಟಿ ಗುಟ್ಕಾ, ಬೀಡಿ ಅಭ್ಯಾಸ ಇರುವವರಿಗೆ, ದನಿ ಒಡೆದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ. ಎರಡು ಮೂರು ವಾರ ಕಳೆದರೂ ಇಳಿಯದಿದ್ದರೆ ಕಾಯಬಾರದು. ನಮ್ಮಲ್ಲಿ ಟಿಬಿಯೂ ಕುತ್ತಿಗೆಯಲ್ಲಿ ಹೀಗೇ ಕೂರುತ್ತೆ, ಕೆಮ್ಮೇ ಇಲ್ಲದೆ, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡ ಗಂಟುಗಳಾಗಿ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸ್ಕ್ಯಾನ್ ಮಾಡಿ, ಬೇಕಾದರೆ ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತೆ ಅನ್ನುವ ಭಯಕ್ಕೆ ಪರೀಕ್ಷೆ ಬಿಟ್ಟವರನ್ನು ನೋಡಿದ್ದೇನೆ, ಅವರು ಕಳೆದುಕೊಂಡದ್ದು ಸಮಯ.

ಹಲ್ಲಿಗೆ ರೂಟ್ ಕೆನಾಲ್ ಆಯಿತು. ತಿಂಗಳ ನಂತರ ಅದೇ ಚೀಟಿಯಲ್ಲಿ, ಅದೇ ಚುಕ್ಕೆಯ ಕೆಳಗೆ 0.5 ಸೆಂ.ಮೀ. ಅಂತ ಬರೆದರು. ಚಿಕ್ಕಮ್ಮ ಮತ್ತೆ ಮುಟ್ಟಿ ನೋಡಿ, "ಈಗ ಹೆಸರುಕಾಳು" ಅಂದರು.