ಯಾವ ನಾಬ್, ಯಾವ ಬರ್ನರ್?

ನಾಲ್ಕು ಬರ್ನರ್ ಇರುವ ಗ್ಯಾಸ್ ಒಲೆಯ ಮುಂದೆ ನಿಂತವರನ್ನು ಸುಮ್ನೆ ಗಮನಿಸಿ. ಹಾಲಿನ ಉರಿ ಸಣ್ಣ ಮಾಡೋಣ ಅಂತ ನಾಬ್ ತಿರುಗಿಸುತ್ತಾರೆ. ಸಣ್ಣಗಾಗುವುದು ಸಾರಿನ ಉರಿ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ. ‘ಗ್ಯಾನ ಎಲ್ಲಿತ್ತು?’ ಅಂತ ಬೈಸಿಕೊಳ್ಳುವವರು ಅಡುಗೆ ಮಾಡುವವರು.

ತಪ್ಪು ಒಲೆಯದು. ಬರ್ನರ್‌ಗಳು ಮುಂದೆ ಎರಡು, ಹಿಂದೆ ಎರಡು. ನಾಬ್‌ಗಳು ಮಾತ್ರ ಒಂದೇ ಸಾಲಿನಲ್ಲಿ. ಎಡಗಡೆಯ ಎರಡರಲ್ಲಿ ಹಿಂದಿನ ಬರ್ನರ್‌ನದು ಯಾವುದು? ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ನಾಬ್ ಪಕ್ಕ ನಾಲ್ಕು ಚುಕ್ಕಿಯ ಚಿತ್ರ ಹಾಕಿರುತ್ತಾರೆ. ಉಜ್ಜಿ ಉಜ್ಜಿ ಅದೂ ಅಳಿಸಿಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಫೊನ್ಸ್ ಚಪಾನಿಸ್ ಮತ್ತು ಲಿಂಡೆನ್‌ಬಾಮ್ 1959ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ನಾಲ್ಕು ಮಾದರಿಯ ಒಲೆ. ಮೂರರಲ್ಲಿ ಬರ್ನರ್‌ಗಳು ಚೌಕವಾಗಿದ್ದವು, ನಾಬ್‌ಗಳ ಕ್ರಮ ಮಾತ್ರ ಬೇರೆ ಬೇರೆ. ಇನ್ನೊಂದರಲ್ಲಿ ಬರ್ನರ್‌ಗಳನ್ನು ಒಂದರ ಹಿಂದೆ ಒಂದು ಬರದಂತೆ ಕೊಂಚ ಪಕ್ಕಕ್ಕೆ ಸರಿಸಿದ್ದರು. ಆಗ ಎಡದಿಂದ ಬಲಕ್ಕೆ ಬರ್ನರ್ ಹೇಗೋ ನಾಬ್ ಕೂಡ ಹಾಗೇ. ಈ ಒಲೆಯಲ್ಲಿ ಯಾರೂ ಒಂದು ಸಲವೂ ತಪ್ಪಲಿಲ್ಲ. ಉಳಿದ ಮೂರರಲ್ಲೂ ತಪ್ಪಿದರು. ಆದರೂ ಇವತ್ತಿಗೂ ಮಾರಾಟವಾಗುವುದು ಜಾಸ್ತಿ ಚೌಕದ ಒಲೆಗಳೇ. ಅಂಗಡಿಯಲ್ಲಿ ಯಾರೂ ಹಾಲು ಕಾಯಿಸಿ ನೋಡುವುದಿಲ್ಲ, ಅಲ್ವಾ?

ಚಪಾನಿಸ್‌ಗೆ ಈ ಕಾಯಿಲೆ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಏರಿಳಿಯುವ ಪಟ್ಟಿ) ಮೇಲೆತ್ತಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕೂರುತ್ತಿತ್ತು. ನೋಡಿದರೆ ಎರಡರ ಸ್ವಿಚ್‌ಗಳೂ ಅಕ್ಕಪಕ್ಕ, ಕೈಗೆ ಒಂದೇ ಥರ. ದಣಿದ ಕೈಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಚಪಾನಿಸ್ ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್ ಸ್ವಿಚ್ಚಿಗೆ ಬೆಣೆಯ ಆಕಾರದ ತುಂಡು ಅಂಟಿಸಿದರು. ಪ್ರಯಾಣಿಕರ ವಿಮಾನಗಳಲ್ಲಿ ಇವತ್ತಿಗೂ ಚಕ್ರ ಇಳಿಸುವ ಹಿಡಿಯ ತುದಿ ಚಕ್ರದ ಆಕಾರದಲ್ಲೇ ಇರುತ್ತದೆ.

ಹಿಡಿ ಕಂಡರೆ ಎಳೆಯಬೇಕು ಅನಿಸುತ್ತದೆ, ಚಪ್ಪಟೆ ತಗಡು ಕಂಡರೆ ತಳ್ಳಬೇಕು ಅನಿಸುತ್ತದೆ. ತಳ್ಳುವ ಬಾಗಿಲಿಗೆ ಹಿಡಿ ಹಾಕಿ, ಮೇಲೆ ‘ತಳ್ಳಿರಿ’ ಅಂತ ಚೀಟಿ ಅಂಟಿಸುವುದನ್ನು ಡೊನಾಲ್ಡ್ ನಾರ್ಮನ್ ಎಂಬ ವಿಜ್ಞಾನಿ 1980ರ ದಶಕದಲ್ಲೇ ಚೆನ್ನಾಗಿ ಜಾಡಿಸಿದ್ದರು. ಅಂಥ ಬಾಗಿಲುಗಳಿಗೆ ಈಗ ‘ನಾರ್ಮನ್ ಬಾಗಿಲು’ ಅಂತಲೇ ಹೆಸರು. ಪಾಪ, ದೂರು ಕೊಟ್ಟವರ ಹೆಸರೇ ಕೆಟ್ಟ ಬಾಗಿಲಿಗೆ ಅಂಟಿಕೊಂಡಿತು.

ನನಗೆ ತುಂಬಾ ಇಷ್ಟವಾದ ವಿನ್ಯಾಸ ಒಳಮುಚ್ಚಳದ ಕುಕ್ಕರಿನದು. ಅದರ ಮುಚ್ಚಳ ಬಾಯಿಯ ಅಂಚಿಗೆ ಒಳಗಿನಿಂದ ಆನಿಕೊಂಡು ಕೂರುತ್ತದೆ. ತೆಗೆಯಬೇಕಾದರೆ ಮೊದಲು ಅದನ್ನು ಕೆಳಕ್ಕೆ ಒತ್ತಬೇಕು. ಒಳಗಿನ ಹಬೆಯೋ ಮೇಲಕ್ಕೆ ಒತ್ತುತ್ತಿರುತ್ತದೆ, ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿಯಷ್ಟು. ಮುಚ್ಚಳ 15 ಸೆಂ.ಮೀ. ಅಗಲ ಅಂದುಕೊಂಡರೂ ಒಟ್ಟು 170 ಕೆಜಿ ದಾಟುತ್ತದೆ. ಎಷ್ಟೇ ಅವಸರದವರಿಗೂ ಅಷ್ಟು ಬಲ ಎಲ್ಲಿಂದ ಬರಬೇಕು? ಹಬೆ ಇಳಿಯುವ ತನಕ ಮುಚ್ಚಳ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಎಚ್ಚರಿಕೆಯ ಚೀಟಿ ಓದಬೇಕಿಲ್ಲ, ಓದಲು ಬರಬೇಕು ಅಂತಲೂ ಇಲ್ಲ.