ಚಪ್ಪಾಳೆ ತಟ್ಟಿದವರು ಯಾರು? ತಂಡದ ಆಟ, ಒಪ್ಪಿಗೆ ಮತ್ತು ಗಂಡಸುತನ: ಅಧ್ಯಯನ ಟಿಪ್ಪಣಿ

2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ಸ್ಪೇನ್ ಮಹಿಳಾ ತಂಡ ಇಂಗ್ಲೆಂಡನ್ನು 1-0 ಗೋಲಿನಿಂದ ಸೋಲಿಸಿ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ಪದಕ ಕೊಡುವ ವೇದಿಕೆಯ ಮೇಲೆ ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್, ಆಟಗಾರ್ತಿ ಜೆನ್ನಿ ಎರ್ಮೊಸೊ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ಮುತ್ತಿಟ್ಟರು. ಟಿವಿಯಲ್ಲಿ ಇಡೀ ಲೋಕ ಅದನ್ನು ನೋಡಿತು. ಅವರ ಒಪ್ಪಿಗೆ ಇತ್ತು ಎಂದು ರುಬಿಯಾಲೆಸ್ ಹೇಳಿದರು. ಇರಲೇ ಇಲ್ಲ ಎಂದರು ಎರ್ಮೊಸೊ.

ಐದು ದಿನ ಬಿಟ್ಟು ಒಕ್ಕೂಟದ ಸಭೆ ಸೇರಿತು. ರಾಜೀನಾಮೆ ಕೊಡುವುದಿಲ್ಲ ಎಂದು ರುಬಿಯಾಲೆಸ್ ಐದು ಸಲ ಕೂಗಿ ಹೇಳಿದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಎರ್ಮೊಸೊ ಅವರದೇ ತಂಡದ ಕೋಚ್ ಕೂಡ ಇದ್ದರು.

ಈ ಚಪ್ಪಾಳೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇಂಥ ಸುದ್ದಿ ಬಂದಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಆ ಮನುಷ್ಯ ಎಂಥವನು? ನಾನೂ ಈ ವಿಷಯ ಓದಲು ಶುರು ಮಾಡಿದಾಗ ಅಲ್ಲೇ ನಿಂತಿದ್ದೆ. ಓದುತ್ತಾ ಹೋದಂತೆ ಬೇರೆ ಪ್ರಶ್ನೆ ಮುಖ್ಯ ಅನ್ನಿಸಿತು. ಸುತ್ತ ಇದ್ದವರು ಏನು ಮಾಡಿದರು? ನಕ್ಕರಾ, ಸುಮ್ಮನಿದ್ದರಾ, ತಡೆದರಾ? ತಂಡದ ಆಟದಲ್ಲಿ ಯಾರೂ ಒಂಟಿಯಲ್ಲ. ತಪ್ಪು ಮಾಡುವವನ ಬೆನ್ನ ಹಿಂದೆ ನೋಡುವ ಕಣ್ಣುಗಳು ಇದ್ದೇ ಇರುತ್ತವೆ.

ಮೊದಲು ಒಪ್ಪಿಗೆ ಅಂದರೆ ಏನು ನೋಡೋಣ

ಹಿಂದೆ ಅತ್ಯಾಚಾರದ ಪ್ರಕರಣಗಳಲ್ಲಿ ಕೋರ್ಟುಗಳು ಹೆಚ್ಚಾಗಿ ಕೇಳುತ್ತಿದ್ದದ್ದು ದೂರು ಕೊಟ್ಟ ಹೆಣ್ಣು ಕೂಗಿದಳೇ, ಒದ್ದಳೇ, ಗಾಯವಾಗಿದೆಯೇ ಎಂದು. ಅಂದರೆ ಬೇಡ ಎಂದು ಸಾಬೀತು ಮಾಡುವ ಹೊಣೆ ಅವಳದಾಗಿತ್ತು. ಈಗ ಹಲವು ದೇಶಗಳಲ್ಲಿ ಪ್ರಶ್ನೆ ತಿರುಗಿದೆ: ಬೇಕು ಎಂದು ಹೇಳಿದ್ದು ಎಲ್ಲಿ, ಹೇಗೆ? ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲೇ ಸ್ಪಷ್ಟಪಡಿಸಿತು, ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ 'ಒಪ್ಪಿದ ಹಾಗೆ ಇತ್ತು' ಎಂಬ ವಾದ ನಡೆಯುವುದಿಲ್ಲ ಎಂದು. ಸ್ಪೇನ್‌ನಲ್ಲಿ 'ಹೌದು ಅಂದರೆ ಮಾತ್ರ ಹೌದು' ಎಂದು ಜನ ಕರೆಯುವ ಕಾನೂನು 2022ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. 2016ರಲ್ಲಿ ಪಾಂಪ್ಲೋನಾದಲ್ಲಿ ಐವರು ಗಂಡಸರು ಸೇರಿ ಒಬ್ಬ ಯುವತಿಯ ಮೇಲೆ ನಡೆಸಿದ ಅತ್ಯಾಚಾರದ ಪ್ರಕರಣ ಅದಕ್ಕೆ ಹಿನ್ನೆಲೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲೂ 2022ರ ಜೂನ್ 1ರಿಂದ ಇದೇ ದಿಕ್ಕಿನ ಕಾನೂನು ಇದೆ. ಎದುರಿನವರು ಒಪ್ಪಿದ್ದಾರೆ ಎಂದು ನಂಬಿದ್ದೆ ಅಂತ ಹೇಳಿದರೆ ಸಾಲದು. ತಿಳಿದುಕೊಳ್ಳಲು ನೀನು ಏನು ಹೇಳಿದೆ, ಏನು ಮಾಡಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಒಂದು ಮಾತು ಸರಿಯಾಗಿ ಅರ್ಥವಾಗಬೇಕು. ಬೇಡ ಎನ್ನದೆ ಸುಮ್ಮನಿದ್ದರೆ ಒಪ್ಪಿದಂತೆ ಅಲ್ಲ. ಭಯ ಜಾಸ್ತಿಯಾದಾಗ ಮೈ ಮರಗಟ್ಟುತ್ತದೆ, ಬಾಯಿಂದ ಮಾತು ಹೊರಡುವುದಿಲ್ಲ. ಅತ್ಯಾಚಾರದ ನಂತರ ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರನ್ನು ಕುರಿತ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಹೀಗೆ ಮೈ ಗಟ್ಟಿಯಾಗಿ ನಿಂತುಹೋಗಿತ್ತು. 'ಯಾಕೆ ಕೂಗಲಿಲ್ಲ' ಎಂದು ಕೇಳುವ ಮೊದಲು ಈ ಸಂಖ್ಯೆ ನೆನಪಾಗಲಿ.

ಈಗ ಇದನ್ನು ತಂಡದ ಒಳಗೆ ಇಟ್ಟು ನೋಡಿ. ಒಬ್ಬ ಆಟಗಾರನ ಜೊತೆ ಹೋಟೆಲ್ ರೂಮಿಗೆ ಬರಲು ಒಬ್ಬಳು ಒಪ್ಪಿದಳು ಅಂದುಕೊಳ್ಳಿ. ಬಾಗಿಲು ತೆರೆದು ಅವನ ಗೆಳೆಯರು ಒಳಗೆ ಬರುತ್ತಾರೆ. ಅವಳು ಒಬ್ಬನಿಗೆ ಹೌದು ಅಂದಿದ್ದಳು, ತಂಡಕ್ಕೆ ಅಲ್ಲ. ಒಂದು ಕೆಲಸಕ್ಕೆ ಅಂದಿದ್ದಳು, ಇನ್ನೊಂದಕ್ಕೆ ಅಲ್ಲ. ಈಗ ರೂಮಿನಲ್ಲಿ ಅವಳು ಒಬ್ಬಳೇ, ಅವರು ನಾಲ್ಕೈದು ಜನ. ಎಲ್ಲರೂ ಬಲಶಾಲಿಗಳು, ಒಬ್ಬರಿಗೊಬ್ಬರು ಪರಿಚಯ, ಬಹುಶಃ ಎಲ್ಲರೂ ಕುಡಿದಿದ್ದಾರೆ. ಅಲ್ಲಿ ಅವಳ ಬಾಯಿಂದ 'ಹೂಂ' ಬಂದರೂ ಅದರ ತೂಕ ಎಷ್ಟು? ಯಾರೂ ಕೈ ಎತ್ತದಿದ್ದರೂ ಬೇಡ ಎನ್ನುವ ದಾರಿ ಮುಚ್ಚಿಹೋಗಿರುತ್ತದೆ. ಅದು ಮುಚ್ಚಿದೆ ಎಂಬುದು ಒಳಗೆ ಇರುವ ಗಂಡಸರಿಗೆ ಕಾಣದೇ ಇರಬಹುದು, ಏಕೆಂದರೆ ಅವರಿಗೆ ಅದು ಗೆಳೆಯರ ಗುಂಪು. ಅವಳಿಗೆ ಗೋಡೆ.

ಗಂಡಸುತನ ಎಲ್ಲಿ ಬಂತು?

ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಕೊಟ್ಟ ಒಂದು ಪರಿಕಲ್ಪನೆ ಈ ವಿಷಯದ ಓದಿನಲ್ಲಿ ಪದೇ ಪದೇ ಬರುತ್ತದೆ. ಕನ್ನಡದಲ್ಲಿ 'ಮೇಲುಗೈ ಗಂಡಸುತನ' ಎನ್ನಬಹುದು. ಗಂಡಸಾಗಿರಲು ನೂರು ದಾರಿ ಇದ್ದರೂ ಒಂದು ಸಮಾಜ ಒಂದೇ ಮಾದರಿಯನ್ನು ಮೇಲೆ ಕೂರಿಸುತ್ತದೆ. ಉಳಿದ ಗಂಡಸರೂ, ಎಲ್ಲ ಹೆಂಗಸರೂ ಅದರ ಕೆಳಗೆ ಬರುತ್ತಾರೆ. ಹೆಚ್ಚಿನ ಗಂಡಸರು ಆ ಮಾದರಿಯಂತೆ ಬದುಕುವುದೇ ಇಲ್ಲ, ಆದರೆ ಅದರ ಲಾಭ ಅವರಿಗೂ ಸ್ವಲ್ಪ ಸಿಗುತ್ತದೆ, ಅದಕ್ಕೆ ಎದುರಾಡುವುದಿಲ್ಲ.

ವೃತ್ತಿಪರ ತಂಡ ಈ ಮಾದರಿಗೆ ಸಂಬಳ ಕೊಟ್ಟು ಸಾಕುವ ಜಾಗ. ಹುಡುಗ ಚಿಕ್ಕ ವಯಸ್ಸಿನಲ್ಲೇ ಮನೆ ಬಿಡುತ್ತಾನೆ. ತಂಡವೇ ಮನೆ. ಅವನ ಬೆಲೆ ಕಟ್ಟುವವರು ಡ್ರೆಸ್ಸಿಂಗ್ ರೂಮಿನ ಹಿರಿಯರು. ಅಲ್ಲಿ ಹೆಣ್ಣಿನ ಬಗ್ಗೆ ಹೇಳುವ ಕಥೆ ಹೆಣ್ಣಿಗಾಗಿ ಅಲ್ಲ, ಪಕ್ಕದಲ್ಲಿ ಕೂತ ಗಂಡಸಿಗಾಗಿ. ಅವನ ಮೆಚ್ಚುಗೆ ಬೇಕು. ಆ ಕಥೆಯಲ್ಲಿ ಅವಳು ಒಬ್ಬ ವ್ಯಕ್ತಿಯಾಗಿ ಉಳಿಯುವುದಿಲ್ಲ.

ನನ್ನನ್ನು ತುಂಬಾ ಕಾಡಿದ ವಿಷಯ ಇನ್ನೊಂದಿದೆ. ಕೆನಡಾದ ಮೈಕೆಲ್ ಕಾಫ್‌ಮನ್ 1980ರ ದಶಕದಲ್ಲಿ, ಗಂಡಸರ ಹಿಂಸೆ ಮೂರು ಕಡೆ ಹರಿಯುತ್ತದೆ ಎಂದರು: ಹೆಂಗಸರ ಮೇಲೆ, ಬೇರೆ ಗಂಡಸರ ಮೇಲೆ, ತನ್ನ ಮೇಲೆ. ಕ್ರೀಡೆಯಲ್ಲಿ ಮೂರನೆಯದು ಎದ್ದು ಕಾಣುತ್ತದೆ. ಮೂಳೆ ಬಿರುಕು ಬಿಟ್ಟರೂ ಆಡು, ಇಂಜೆಕ್ಷನ್ ಹಾಕಿಸಿಕೊಂಡು ಆಡು, ನೋವು ಎನ್ನಬೇಡ. ತನ್ನ ಮೈ 'ಸಾಕು' ಎಂದಾಗ ಕೇಳಿಸಿಕೊಳ್ಳಬಾರದು ಎಂದು ಹತ್ತು ವರ್ಷ ಕಲಿತವನಿಗೆ, ಇನ್ನೊಬ್ಬರ ಮೈ 'ಸಾಕು' ಎನ್ನುವುದು ಕೇಳಿಸುವುದು ಕಷ್ಟ ಆಗಬಹುದು, ಅಲ್ವಾ? ಇದು ಕ್ಷಮಿಸುವ ಕಾರಣವಲ್ಲ. ಕ್ರೀಡಾಪಟುಗಳೆಲ್ಲ ಹೀಗೆ ಎಂದೂ ಅಲ್ಲ. ಆದರೆ ತರಬೇತಿಯಲ್ಲಿ ಏನನ್ನು ಬದಲಿಸಬೇಕು ಎಂದು ಹುಡುಕುವಾಗ ಇದನ್ನು ಬಿಡಲಾಗದು.

ಬಲಿಯಾಗುವವರು ಹೆಂಗಸರು ಮಾತ್ರ ಅಲ್ಲ. 2010ರಲ್ಲಿ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ಐಸ್ ಹಾಕಿ ತಂಡದ 20 ವರ್ಷದ ಆಟಗಾರ ಕೈಲ್ ಬೀಚ್, ತಂಡದ ವಿಡಿಯೊ ಕೋಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಎಂದು ದೂರಿದರು. ಮೇ 23ರಂದು ತಂಡದ ಮೇಲಿನವರು ಸೇರಿ ಚರ್ಚಿಸಿದರು. ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಹತ್ತಿರವಿತ್ತು. ಮೂರು ವಾರ ಏನೂ ನಡೆಯಲಿಲ್ಲ. ಕಪ್ ಗೆದ್ದ ಸಂಭ್ರಮದಲ್ಲಿ ಆ ಕೋಚ್ ಕೂಡ ಇದ್ದ. ಆಮೇಲೆ ಅವನಿಗೆ ರಾಜೀನಾಮೆ ಕೊಟ್ಟು ಹೋಗಲು ಬಿಟ್ಟರು. ಮುಂದೆ ಮಿಷಿಗನ್‌ನಲ್ಲಿ ಹೈಸ್ಕೂಲ್ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಅವನಿಗೆ ಶಿಕ್ಷೆಯಾಯಿತು. ಆ ಮೂರು ವಾರದ ಮೌನದ ಬೆಲೆಯನ್ನು ಆ ಹುಡುಗನೂ ತೆತ್ತ. ಬೀಚ್ ಅವರನ್ನು ಸಹ ಆಟಗಾರರು ಮೈದಾನದಲ್ಲೇ ಹೀಯಾಳಿಸಿದರು. ಸತ್ಯ ಹೊರಬಂದು ಕ್ಲಬ್‌ಗೆ 20 ಲಕ್ಷ ಡಾಲರ್ ದಂಡ ಬಿದ್ದದ್ದು 2021ರ ಅಕ್ಟೋಬರ್‌ನಲ್ಲಿ. ಹನ್ನೊಂದು ವರ್ಷ!

ಕೋರ್ಟಿನ ತೀರ್ಪು ಮತ್ತು ತಂಡದ ಹೊಣೆ

ಇಲ್ಲಿ ಗೊಂದಲ ಜಾಸ್ತಿ, ಅದಕ್ಕೆ ನಿಧಾನವಾಗಿ ಓದಿ. 2018ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ಕಿರಿಯರ ರಾಷ್ಟ್ರೀಯ ಐಸ್ ಹಾಕಿ ತಂಡದ ಆಟಗಾರರ ಮೇಲೆ ಗುಂಪು ದೌರ್ಜನ್ಯದ ಆರೋಪ ಬಂತು. ಹಾಕಿ ಕೆನಡಾ ಸಂಸ್ಥೆ ಆ ಮಹಿಳೆ ಹೂಡಿದ ಮೊಕದ್ದಮೆಯನ್ನು ಹಣ ಕೊಟ್ಟು ಮುಗಿಸಿತ್ತು ಎಂಬುದು 2022ರ ಮೇನಲ್ಲಿ ಬಯಲಾಯಿತು. ಇಂಥ ಪರಿಹಾರಕ್ಕೂ ಬಳಸುತ್ತಿದ್ದ ಒಂದು ನಿಧಿ ಇತ್ತು, ಅದಕ್ಕೆ ಸಾಮಾನ್ಯ ಮಕ್ಕಳ ನೋಂದಣಿ ಶುಲ್ಕದ ಹಣವೂ ಸೇರುತ್ತಿತ್ತು ಎಂದು ತಿಳಿದಾಗ ಪೋಷಕರು ಸಿಟ್ಟಾದರು. ಸರ್ಕಾರ ಅನುದಾನ ತಡೆಯಿತು, ಪ್ರಾಯೋಜಕರು ಹಿಂದೆ ಸರಿದರು, ಅಕ್ಟೋಬರ್‌ನಲ್ಲಿ ಮುಖ್ಯಸ್ಥರೂ ಇಡೀ ಆಡಳಿತ ಮಂಡಳಿಯೂ ಹೊರನಡೆದರು. 2025ರ ಜುಲೈನಲ್ಲಿ ಐವರು ಆಟಗಾರರನ್ನೂ ಕೋರ್ಟ್ ಖುಲಾಸೆ ಮಾಡಿತು.

ಹಾಗಾದರೆ ಗಲಾಟೆಯೆಲ್ಲ ಸುಮ್ನೆ ನಡೆಯಿತೇ? ಇಲ್ಲ. ಖುಲಾಸೆಯನ್ನು ನಾವು ಗೌರವಿಸಬೇಕು. ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗದಿದ್ದರೆ ಯಾರನ್ನೂ ಜೈಲಿಗೆ ಕಳಿಸಬಾರದು. ಆದರೆ ಸಂಸ್ಥೆ ದೂರನ್ನು ಹೇಗೆ ನಡೆಸಿಕೊಂಡಿತು, ಹಣ ಎಲ್ಲಿಂದ ತೆಗೆಯಿತು, ಯಾರಿಂದ ಮುಚ್ಚಿಟ್ಟಿತು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಕ್ರಿಮಿನಲ್ ಕೋರ್ಟು ಉತ್ತರ ಕೊಡುವುದಿಲ್ಲ. ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ 2018ರಲ್ಲಿ ವಿಚಾರಣೆಯಾದ ಪ್ರಕರಣದಲ್ಲೂ ಹೀಗೇ ಆಯಿತು. ಅತ್ಯಾಚಾರದ ಆರೋಪ ಹೊತ್ತಿದ್ದ ರಗ್ಬಿ ಆಟಗಾರರು ಖುಲಾಸೆಯಾದರು. ಹೆಂಗಸರ ಬಗ್ಗೆ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿದ ಮಾತುಗಳು ವಿಚಾರಣೆಯಲ್ಲಿ ಹೊರಬಿದ್ದಿದ್ದವು. ಮುಂದಿನ ತಿಂಗಳೇ ಇಬ್ಬರ ಒಪ್ಪಂದ ರದ್ದಾಯಿತು.

ಬದಲಾವಣೆಗೆ ಏನು ಮಾಡಬಹುದು? ಸೀಸನ್ ಶುರುವಿಗೆ ಒಂದು ಉಪನ್ಯಾಸ ಇಟ್ಟು ಸಹಿ ಹಾಕಿಸಿಕೊಂಡರೆ ಪ್ರಯೋಜನ ಕಡಿಮೆ ಅನ್ನಿಸುತ್ತದೆ. 1993ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ಸನ್ ಕಾಟ್ಜ್ ಶುರು ಮಾಡಿದ ತರಬೇತಿ ಬೇರೆ ದಾರಿ ಹಿಡಿಯಿತು. ಆಟಗಾರರನ್ನು ನಾಳೆಯ ಅಪರಾಧಿಗಳಂತೆ ಕಾಣಲಿಲ್ಲ. ಪಕ್ಕದಲ್ಲಿ ನಿಂತವನು ಎಂದು ಮಾತಾಡಿಸಿತು. ಕುಡಿದು ತೂರಾಡುತ್ತಿರುವ ಹುಡುಗಿಯನ್ನು ಗೆಳೆಯ ರೂಮಿಗೆ ಕರೆದೊಯ್ಯುತ್ತಿದ್ದಾನೆ, ನೀನು ಏನು ಹೇಳುತ್ತೀಯ? ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಕೋಚ್‌ಗಳು ವಾರಕ್ಕೊಮ್ಮೆ ತಮ್ಮ ಹುಡುಗರ ಜೊತೆ ಇಂಥ ವಿಷಯ ಮಾತಾಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ತಪ್ಪು ಕಂಡಾಗ ಮಧ್ಯೆ ಹೋಗುವ ಹುಡುಗರು ಆ ತಂಡಗಳಲ್ಲಿ ಹೆಚ್ಚಾಗಿದ್ದರು. ಹೊರಗಿನಿಂದ ಬಂದ ತಜ್ಞರಿಗಿಂತ ಕೋಚ್ ಬಾಯಿಂದ ಬಂದ ಮಾತಿಗೆ ಹುಡುಗರು ಕಿವಿಗೊಡುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಆಡಿಸುವವರೂ ಕೂರಿಸುವವರೂ ಅವರೇ ತಾನೆ.

ಮತ್ತೆ ಸ್ಪೇನ್‌ಗೆ ಬರೋಣ. ರುಬಿಯಾಲೆಸ್ ಸೆಪ್ಟೆಂಬರ್ 10ರಂದು ಹುದ್ದೆ ಬಿಡುವುದಾಗಿ ಹೇಳಿದರು. ಫಿಫಾ ಮೂರು ವರ್ಷ ನಿಷೇಧ ಹಾಕಿತು. 2025ರ ಫೆಬ್ರವರಿಯಲ್ಲಿ ಕೋರ್ಟ್ ಅವರನ್ನು ಲೈಂಗಿಕ ದೌರ್ಜನ್ಯದ ಅಪರಾಧಿ ಎಂದು 10,800 ಯೂರೊ ದಂಡ ವಿಧಿಸಿತು. ಎರ್ಮೊಸೊ ಮೇಲೆ ಒತ್ತಡ ಹಾಕಿದ ಆರೋಪ ಸಾಬೀತಾಗಲಿಲ್ಲ. ಆದರೆ ಆಗಸ್ಟ್ 25ರಂದು ಆ ಸಭೆಯಲ್ಲಿ ಚಪ್ಪಾಳೆ ಬಿದ್ದ ದಿನ, ಇದು ಯಾವುದೂ ಖಚಿತವಿರಲಿಲ್ಲ. ಅದೇ ದಿನ 81 ಆಟಗಾರ್ತಿಯರು ಒಂದು ಹೇಳಿಕೆಗೆ ಹೆಸರು ಸೇರಿಸಿದರು. ಈ ನಾಯಕತ್ವ ಇರುವವರೆಗೆ ಸ್ಪೇನ್ ಪರ ಆಡುವುದಿಲ್ಲ ಎಂದರು. ವಿಶ್ವಕಪ್ ಗೆದ್ದ 23 ಮಂದಿಯೂ ಅದರಲ್ಲಿ ಇದ್ದರು.