ಹಾಳೆಗೆ ವಯಸ್ಸಾಗುತ್ತಿದೆ, ಕಾಪಿರೈಟಿಗೆ ಆಗುತ್ತಿಲ್ಲ

1931ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕವೊಂದನ್ನು ಕೈಗೆ ತಗೊಳ್ಳಿ. ಬಹುಪಾಲು ಹಾಳೆ ಟೀ ಬಣ್ಣಕ್ಕೆ ತಿರುಗಿರುತ್ತದೆ. ಮೂಲೆ ಮಡಚಿದರೆ ಹಪ್ಪಳದ ಹಾಗೆ ಮುರಿದು ಬೀಳುತ್ತದೆ. ಹುಳ ಹಿಡಿದದ್ದಲ್ಲ, ತೇವವೂ ಅಲ್ಲ. ಮರದ ತಿರುಳಿನ ಕಾಗದದ ಮೇಲೆ ಮಸಿ ಹರಡದಿರಲಿ ಅಂತ ಆಗ ಪಟಿಕದ ಜಾತಿಯ ಉಪ್ಪು, ರಾಳ ಸೇರಿಸುತ್ತಿದ್ದರು. ಅದರಿಂದ ಹುಟ್ಟುವ ಆಮ್ಲ ಕಾಗದದ ನಾರನ್ನು ಒಳಗೊಳಗೇ ಕತ್ತರಿಸುತ್ತಾ ಹೋಗುತ್ತದೆ.

ಲೈಬ್ರರಿಯವರು ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿದರಾಯ್ತು, ಪುಸ್ತಕ ಅವರದ್ದೇ ಅಲ್ವಾ? ಎಷ್ಟೋ ಓದಿದವರೂ ಹೀಗೇ ಕೇಳುತ್ತಾರೆ. ಲೈಬ್ರರಿ ಕೊಂಡದ್ದು ಪ್ರತಿಯನ್ನು, ಕಾಪಿರೈಟನ್ನಲ್ಲ. ಹಾಳಾಗುತ್ತಿರುವ ಪುಸ್ತಕಕ್ಕೆ ಬದಲಿ ಪ್ರತಿ ಮಾಡಿಟ್ಟುಕೊಳ್ಳಲು ಅಮೆರಿಕದ ಕಾನೂನು ಬಿಡುತ್ತದೆ, ಅದೂ ಬೇರೆ ಪ್ರತಿ ಸರಿಯಾದ ಬೆಲೆಗೆ ಸಿಗದಿದ್ದರೆ. ಆ ಡಿಜಿಟಲ್ ಪ್ರತಿ ಕಟ್ಟಡದ ಹೊಸಿಲು ದಾಟುವಂತಿಲ್ಲ.

1998ರಲ್ಲಿ ಅಲ್ಲಿನ ಸಂಸತ್ತು ಕಾಪಿರೈಟಿನ ಅವಧಿಗೆ ಇನ್ನೂ 20 ವರ್ಷ ಸೇರಿಸಿತು. ಹಳೆಯ ಪುಸ್ತಕಗಳಿಗೆ 75 ಇದ್ದದ್ದು 95 ಆಯಿತು. 1923ರ ಪುಸ್ತಕಗಳು 1999ರ ಜನವರಿಗೆ ಎಲ್ಲರ ಸ್ವತ್ತಾಗಬೇಕಿತ್ತು. ಆದದ್ದು 2019ರ ಜನವರಿಗೆ. ಲೈಬ್ರರಿಗಳಿಗೆ ಅಂತ ಒಂದು ಕಿಟಕಿ ಬಿಟ್ಟಿದ್ದರು ನಿಜ. ಕೊನೆಯ 20 ವರ್ಷದಲ್ಲಿರುವ, ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ಅಧ್ಯಯನಕ್ಕಾಗಿ ತೆರೆಯಬಹುದು. ಆದರೆ ಸಿಗುವುದಿಲ್ಲ ಅಂತ ಒಂದೊಂದು ಪುಸ್ತಕಕ್ಕೂ ಹುಡುಕಿ ಖಾತ್ರಿ ಮಾಡಿಕೊಳ್ಳಬೇಕು. ಬಹಳ ವರ್ಷ ಆ ಕಿಟಕಿಯ ಹತ್ತಿರ ಸುಳಿದವರೇ ಕಡಿಮೆ.

ನನಗೆ ತುಂಬಾ ಇಷ್ಟವಾದದ್ದು ಲೈಬ್ರರಿಗಳು ಹಿಡಿದ ಇನ್ನೊಂದು ದಾರಿ. 1964ಕ್ಕಿಂತ ಮುಂಚೆ ಅಲ್ಲಿ ಅಚ್ಚಾದ ಪುಸ್ತಕಕ್ಕೆ ಮೊದಲು ಸಿಗುತ್ತಿದ್ದ ಹಕ್ಕು 28 ವರ್ಷ ಮಾತ್ರ. ಉಳಿದ ವರ್ಷಗಳು ಬೇಕಿದ್ದರೆ 28ನೇ ವರ್ಷದಲ್ಲಿ ಅರ್ಜಿ ಹಾಕಿ ರಿನ್ಯೂ ಮಾಡಿಸಬೇಕಿತ್ತು. ಅಡವಿಟ್ಟ ಒಡವೆ ಇದ್ದ ಹಾಗೆ. ಗಡುವಿನೊಳಗೆ ಹೋಗಿ ಬರೆಸದಿದ್ದರೆ ಒಡವೆ ಕೈಬಿಟ್ಟಿತು. ಅಥವಾ ಪಹಣಿ ಅಂದುಕೊಳ್ಳಿ. ಹೊಲ ಯಾರದ್ದು ಅಂತ ಬದುವಿನ ಮೇಲೆ ನಿಂತರೆ ಗೊತ್ತಾಗುವುದಿಲ್ಲ, ದಾಖಲೆ ತೆಗೆಸಿ ನೋಡಬೇಕು. ಎಷ್ಟು ಜನ ರಿನ್ಯೂ ಮಾಡಿಸುತ್ತಿದ್ದರು? 1960ರ ಸುಮಾರಿಗೆ ಅಲ್ಲಿನ ಕಾಪಿರೈಟ್ ಕಚೇರಿಯೇ ಲೆಕ್ಕ ಹಾಕಿದಾಗ, ನೋಂದಣಿಯಾದ ಎಲ್ಲ ಬಗೆಯ ಕೃತಿಗಳಲ್ಲಿ ಸುಮಾರು ಶೇಕಡಾ 15. ಉಳಿದವರು ಮರೆತರು, ಇಲ್ಲವೇ ಬೇಡ ಅಂದುಕೊಂಡರು. ಅಂದರೆ ರಾಶಿ ರಾಶಿ ಪುಸ್ತಕಗಳು ಆಗಲೇ ಬಿಡುಗಡೆಯಾಗಿವೆ, ಯಾರಿಗೂ ಗೊತ್ತಿಲ್ಲ ಅಷ್ಟೇ!

ಮಿಷಿಗನ್ ವಿಶ್ವವಿದ್ಯಾಲಯದ ಲೈಬ್ರರಿ 2008ರಲ್ಲಿ ಇದನ್ನೇ ಹುಡುಕಲು ಕೂತಿತು. ಹಲವು ವಿಶ್ವವಿದ್ಯಾಲಯಗಳು ಸೇರಿ, ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ಒಂದೆಡೆ ಇಡುವ ಹಾಥಿಟ್ರಸ್ಟ್ ಎಂಬ ಡಿಜಿಟಲ್ ಲೈಬ್ರರಿ ಕಟ್ಟಿದ್ದೂ ಅದೇ ವರ್ಷ. ಹೆಸರಲ್ಲಿರುವುದು ಹಿಂದಿಯ ಆನೆಯೇ. ಆನೆ ಮರೆಯುವುದಿಲ್ಲ ಅಂತಾರಲ್ಲ, ಅದಕ್ಕೆ. ಕೆಲಸ ಹೀಗೆ. ಒಬ್ಬರು ಸ್ಕ್ಯಾನಿನಲ್ಲಿ ಶೀರ್ಷಿಕೆ ಪುಟದ ಬೆನ್ನು ನೋಡುತ್ತಾರೆ. ಯಾವ ವರ್ಷ, ಯಾವ ಊರು? 1931 ಅಂದರೆ 1958, 1959ರ ರಿನ್ಯೂವಲ್ ದಾಖಲೆ ತಡಕುತ್ತಾರೆ. ಲೇಖಕ ತೀರಿಕೊಂಡಿದ್ದರೆ ಹೆಂಡತಿಯೋ ಮಕ್ಕಳೋ ಅರ್ಜಿ ಹಾಕಿರಬಹುದು, ಅದನ್ನೂ ನೋಡಬೇಕು. ಒಳಗೆ ಬೇರೆಯವರ ಚಿತ್ರವೋ ಕವಿತೆಯೋ ಸೇರಿದ್ದರೆ ಅದರ ಹಕ್ಕು ಬೇರೆ. ಅದೇ ಪುಸ್ತಕವನ್ನು ಇನ್ನೊಬ್ಬರು, ಮೊದಲನೆಯವರ ತೀರ್ಮಾನ ನೋಡದೆ, ಮತ್ತೆ ಪರೀಕ್ಷಿಸುತ್ತಾರೆ. ಇಬ್ಬರೂ ಒಪ್ಪಿದರೆ ಬಾಗಿಲು ತೆರೆಯುತ್ತದೆ. ಒಪ್ಪದಿದ್ದರೆ ಮೂರನೆಯವರ ಪಂಚಾಯಿತಿ. ಹೀಗೆ ಲಕ್ಷಗಟ್ಟಲೆ ಪುಸ್ತಕ ನೋಡಿದ್ದಾರೆ. ಹೆಚ್ಚುಕಡಿಮೆ ಅರ್ಧದಷ್ಟು ಬಿಡುಗಡೆಯಾದವೇ.

ನಮ್ಮಲ್ಲಿ ಈ ರಿನ್ಯೂವಲ್ ಇಲ್ಲ, ಹಾಗಾಗಿ ಈ ದಾರಿಯೂ ಇಲ್ಲ. 1957ರ ಕಾಯ್ದೆಯಲ್ಲಿ ಲೇಖಕ ತೀರಿದ ಮೇಲೆ 50 ವರ್ಷ ಅಂತಿತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ ಅದನ್ನು 60ಕ್ಕೆ ಏರಿಸಿದರು. ಒಬ್ಬರಿಗಾಗಿ ಎಳೆದ ಗೆರೆ ಎಲ್ಲರ ಮೇಲೂ ಹಾದುಹೋಯಿತು. ಬಿಎಂಶ್ರೀ, ಕೈಲಾಸಂ ಇಬ್ಬರೂ ತೀರಿದ್ದು 1946ರಲ್ಲಿ. 1997ಕ್ಕೆ ಕನ್ನಡಿಗರೆಲ್ಲರ ಸ್ವತ್ತಾಗಬೇಕಿದ್ದ ಅವರ ಬರಹ 2007ರವರೆಗೆ ಕಾಯಬೇಕಾಯಿತು.

ಮೊದಲು ಹೇಳಿದ ಆ 1931ರ ಪುಸ್ತಕವನ್ನು ಯಾರೋ ರಿನ್ಯೂ ಮಾಡಿಸಿದ್ದರು ಅನ್ನಿ. ಅದರ ಬಾಗಿಲು ತೆರೆಯುವ ದಿನ 2027ರ ಜನವರಿ 1. ಅಲ್ಲಿಯವರೆಗೆ ಸ್ಕ್ಯಾನ್ ಲೈಬ್ರರಿಯ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ಹಾಳೆಯೊಳಗೆ ಆಮ್ಲ ತನ್ನ ಕೆಲಸ ಮಾಡುತ್ತಿರುತ್ತದೆ.